ಪರೀಕ್ಷೆ ಮುಗಿದ ಮೇಲೆ ಉತ್ತರ ತಾಳೆ ನೋಡುವುದು: ನನ್ನ ಅನುಭವ

ಕ್ಯಾಲ್ಕುಲಸ್ ಪರೀಕ್ಷೆ ಮುಗಿಸಿ ಹೊರಗೆ ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು. "ಏಯ್, ನಾಲ್ಕನೇದಕ್ಕೆ ನಿಂಗೆ ಎಷ್ಟು ಬಂತು?"

ನನ್ನ ಮೊದಲ ಸೆಮಿಸ್ಟರ್‌ನಲ್ಲೂ ಹೀಗೇ ಆಯಿತು. ಪ್ರಶ್ನೆಪತ್ರಿಕೆ ಕಷ್ಟವಿತ್ತು. ಮೂರು ಗಂಟೆ ಬಗ್ಗಿಸಿದ ಕತ್ತು ಇನ್ನೂ ನೋಯುತ್ತಿತ್ತು. ನಾಲ್ಕನೇ ಪ್ರಶ್ನೆ, ಸೈನ್ ಎಕ್ಸ್ ಇಂಟು ಕಾಸ್ ಎಕ್ಸ್‌ನ ಇಂಟಿಗ್ರಲ್, ಅಂದರೆ ಇದು ಯಾವುದರ ಬದಲಾಗುವ ದರ ಅಂತ ಹಿಂದಕ್ಕೆ ಹುಡುಕುವುದು. ನನಗೆ ಬಂದದ್ದು ಸೈನ್ ಸ್ಕ್ವೇರ್ ಎಕ್ಸ್ ಬೈ 2. ಗೆಳತಿಗೆ ಬಂದದ್ದು ಮೈನಸ್ ಕಾಸ್ ಸ್ಕ್ವೇರ್ ಎಕ್ಸ್ ಬೈ 2. ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಗೆಳೆಯ ಮಾತ್ರ "ಮೈನಸ್ ಕಾಸ್ 2 ಎಕ್ಸ್ ಬೈ 4 ಕಣ್ರೋ" ಅಂದ.

ಅವನದ್ದೇ ಸರಿ ಅಂತ ಎಲ್ಲರೂ ಒಪ್ಪಿಬಿಟ್ಟೆವು. ಗೆಳತಿಯ ಕಣ್ಣು ತುಂಬಿತು. ನಾನು ಆ ರಾತ್ರಿ ಮರುದಿನದ ಪರೀಕ್ಷೆಗೆ ಓದಲೇ ಇಲ್ಲ. ಪುಸ್ತಕ ತೆರೆದರೆ ಸಾಕು, ಆ ಸೈನ್ ಸ್ಕ್ವೇರ್ ಕಣ್ಣ ಮುಂದೆ ಬರುತ್ತಿತ್ತು. ಮರುದಿನದ ಪರೀಕ್ಷೆ ಕೆಟ್ಟಿತು.

ರಜೆಯಲ್ಲಿ ಒಂದು ದಿನ ಸುಮ್ನೆ ಪೆನ್ನು ಹಿಡಿದು ಕೂತೆ. ಮೂರೂ ಉತ್ತರಗಳಲ್ಲಿ ಎಕ್ಸ್ ಇದ್ದ ಕಡೆ ಮೊದಲು ಸೊನ್ನೆ ಹಾಕಿದೆ. ನನ್ನದು 0, ಗೆಳತಿಯದು ಮೈನಸ್ 1/2, ಗೆಳೆಯನದು ಮೈನಸ್ 1/4. ಆಮೇಲೆ 90 ಡಿಗ್ರಿ ಹಾಕಿದೆ. ನನ್ನದು 1/2, ಗೆಳತಿಯದು 0, ಗೆಳೆಯನದು 1/4. ಸ್ವಲ್ಪ ಹೊತ್ತು ಆ ಆರು ಅಂಕಿಗಳನ್ನೇ ನೋಡುತ್ತಾ ಕೂತೆ. ಹೊರಟ ಜಾಗ ಬೇರೆ ಬೇರೆ, ಆದರೆ ಮೂರೂ ಏರಿದ್ದು ಸರಿಯಾಗಿ ಅರ್ಧದಷ್ಟೇ. ಕಾಸ್ 2 ಎಕ್ಸ್ ಅಂದರೆ 1 ಮೈನಸ್ 2 ಸೈನ್ ಸ್ಕ್ವೇರ್ ಎಕ್ಸ್ ತಾನೇ? ಅದನ್ನು ಹಾಕಿ ಬಿಡಿಸಿದರೆ ಗೆಳೆಯನ ಉತ್ತರ ಅಂದರೆ ನನ್ನ ಉತ್ತರದಲ್ಲಿ 1/4 ಕಳೆದದ್ದು. ಗೆಳತಿಯದು ನನ್ನದರಲ್ಲಿ 1/2 ಕಳೆದದ್ದು. ಆ ಕಾಲು, ಆ ಅರ್ಧ ಎರಡೂ ಕೊನೆಯಲ್ಲಿ ಬರೆಯುವ ಪ್ಲಸ್ ಸಿ (ಯಾವ ಸ್ಥಿರ ಸಂಖ್ಯೆ ಬೇಕಾದರೂ ಆಗಬಹುದಾದದ್ದು) ಒಳಗೆ ಸೇರಿಹೋಗುತ್ತವೆ. ಮೂವರೂ ಸರಿ! ಗೆಳತಿಗೆ ಕೂಡಲೇ ಫೋನ್ ಮಾಡಿದೆ. ಅವಳು ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

ಆವತ್ತಿನಿಂದ ನಾವು ಉತ್ತರ ತಾಳೆ ನೋಡುವ ರೀತಿಯೇ ಬದಲಾಯಿತು. ತಾಳೆ ನೋಡುವುದನ್ನು ಬಿಡಲಿಲ್ಲ. "ಮುಗಿದದ್ದು ಮುಗಿಯಿತು, ಅದರ ಬಗ್ಗೆ ಮಾತಾಡಬೇಡಿ" ಅಂತ ಹಿರಿಯರು ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಲೆಕ್ಕ ತಲೆಯಲ್ಲಿ ಇನ್ನೂ ಬಿಸಿಯಾಗಿರುವಾಗ ಕಲಿತದ್ದು ಬೇರೆ ಯಾವಾಗ ಕಲಿತದ್ದಕ್ಕಿಂತಲೂ ಗಟ್ಟಿಯಾಗಿ ನಿಲ್ಲುತ್ತದೆ. ಬಾಗಿಲ ಹೊರಗೆ ನಿಂತು, ಬರೀ ಕೊನೆಯ ಉತ್ತರ ಕೂಗಿ ಹೇಳಿಕೊಳ್ಳುವುದನ್ನು ಮಾತ್ರ ಬಿಟ್ಟೆವು.

ಈಗ ನಾವು ಮಾಡುವುದು ಹೀಗೆ. ಪ್ರಶ್ನೆಪತ್ರಿಕೆಯ ಮೇಲೆ ಬರೆಯಲು ಬಿಟ್ಟರೆ ಅಂಚಿನಲ್ಲಿ ಉತ್ತರದ ಜೊತೆ ಯಾವ ದಾರಿ ಹಿಡಿದೆ ಅಂತ ಒಂದು ಪದ ಗೀಚಿಕೊಳ್ಳುತ್ತೇವೆ. 'ಸಬ್‌ಸ್ಟಿಟ್ಯೂಶನ್', 'ಬೈ ಪಾರ್ಟ್ಸ್', ಅಷ್ಟೇ. ಬಿಡದಿದ್ದರೆ ಹೊರಗೆ ಬಂದು ಯಾರ ಹತ್ತಿರವೂ ಮಾತಾಡುವ ಮೊದಲು ನೆನಪಿನಿಂದ ಬರೆದುಕೊಳ್ಳುತ್ತೇವೆ. ಇದು ಮುಖ್ಯ. ಇನ್ನೊಬ್ಬರ ಉತ್ತರ ಒಮ್ಮೆ ಕಿವಿಗೆ ಬಿದ್ದರೆ ನಾವು ಬರೆದದ್ದು ಏನು ಅನ್ನೋದೇ ಕಲಸಿಹೋಗುತ್ತದೆ. ಆಮೇಲೆ ಮೂರು ನಾಲ್ಕು ಜನ ಒಂದು ಕಡೆ ಕೂರುತ್ತೇವೆ. "ಎಷ್ಟು ಬಂತು?" ಅಂತ ಯಾರೂ ಶುರು ಮಾಡುವ ಹಾಗಿಲ್ಲ. "ಹೇಗೆ ಶುರು ಮಾಡಿದೆ?" ಅಂತ ಕೇಳಬೇಕು.

ಇಂಟಿಗ್ರಲ್‌ಗಳಲ್ಲಿ ಉತ್ತರ ಬೇರೆ ಬಂದರೆ ಎರಡನ್ನೂ ಡಿಫರೆನ್ಶಿಯೇಟ್ ಮಾಡುತ್ತೇವೆ, ಅಂದರೆ ಬದಲಾಗುವ ದರ ತೆಗೆಯುತ್ತೇವೆ. ಯಾವುದು ಪ್ರಶ್ನೆಗೆ ವಾಪಸ್ ಬರುತ್ತದೋ ಅದು ಸರಿ. ಎರಡೂ ಬಂದರೆ ಎರಡೂ ಸರಿ. ಟ್ಯಾನ್ ಸ್ಕ್ವೇರ್ ಎಕ್ಸ್ ಬೈ 2, ಸೆಕ್ ಸ್ಕ್ವೇರ್ ಎಕ್ಸ್ ಬೈ 2, ಈ ಜೋಡಿ ಎಷ್ಟು ಜಗಳ ಹಚ್ಚಿದೆಯೋ ಲೆಕ್ಕವಿಲ್ಲ. ಲಿಮಿಟ್ ಆದರೆ ಇನ್ನೂ ಸುಲಭ. ಸೈನ್ ಎಕ್ಸ್ ಮೈನಸ್ ಎಕ್ಸ್, ಅದರ ಕೆಳಗೆ ಎಕ್ಸ್ ಕ್ಯೂಬ್, ಎಕ್ಸ್ ಸೊನ್ನೆಗೆ ಹೋಗುವಾಗ ಎಷ್ಟು? ಒಬ್ಬನಿಗೆ ಮೈನಸ್ 1/6 ಬಂದಿತ್ತು, ಇನ್ನೊಬ್ಬನಿಗೆ 0. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿಟ್ಟು ಎಕ್ಸ್‌ಗೆ 0.1 ಹಾಕಿದೆವು. ಮೈನಸ್ 0.1666 ಬಂತು. 0 ಬಂದವನು ಲೋಪಿಟಾಲ್ ನಿಯಮವನ್ನು (ಸೊನ್ನೆ ಬೈ ಸೊನ್ನೆ ಬಂದಾಗ ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆ ಡಿಫರೆನ್ಶಿಯೇಟ್ ಮಾಡುವುದು) ಮೂರು ಸಲ ಬಳಸಿದ ಮೇಲೆ, ಮೇಲಿನದನ್ನು ಮಾತ್ರ ಇನ್ನೊಂದು ಸಲ ಡಿಫರೆನ್ಶಿಯೇಟ್ ಮಾಡಿದ್ದ. ಮೂರನೇ ಸಲಕ್ಕೇ ಸೊನ್ನೆ ಬೈ ಸೊನ್ನೆ ಹೋಗಿತ್ತು, ಅಲ್ಲಿಗೆ ನಿಲ್ಲಿಸಬೇಕಿತ್ತು.

ಡೆಫಿನೆಟ್ ಇಂಟಿಗ್ರಲ್‌ನಲ್ಲಿ, ಅಂದರೆ ಎರಡು ಮಿತಿಗಳ ನಡುವೆ ಗ್ರಾಫಿನ ಗೆರೆಯ ಕೆಳಗಿನ ವಿಸ್ತೀರ್ಣ ತೆಗೆಯುವಾಗ, ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಅಂದಾಜು. ಗಣಿತಜ್ಞ ಲೈಬ್ನಿಟ್ಸ್ 1675ರಲ್ಲಿ ಇಂಟಿಗ್ರಲ್ ಚಿಹ್ನೆ ಬರೆದಾಗ ಅದು ಉದ್ದ ಎಳೆದ ಎಸ್ ಅಕ್ಷರ. ಮೊತ್ತ ಅನ್ನುವ ಅರ್ಥದ ಲ್ಯಾಟಿನ್ ಪದ 'ಸುಮ್ಮಾ'ದ ಮೊದಲ ಅಕ್ಷರ. ನಾವು ಸೂತ್ರಗಳ ಗಡಿಬಿಡಿಯಲ್ಲಿ ಅದು ಮೊತ್ತ ಅನ್ನೋದನ್ನೇ ಮರೆಯುತ್ತೇವೆ. ಒಂದು ಪರೀಕ್ಷೆಯಲ್ಲಿ ಎಕ್ಸ್ ಇಂಟು ಇ ಟು ದಿ ಪವರ್ ಎಕ್ಸ್ ಸ್ಕ್ವೇರ್, 0ಯಿಂದ 2ರವರೆಗೆ ಅಂತ ಬಂದಿತ್ತು. ಗೆಳತಿಗೆ ಸುಮಾರು 26.8, ನನಗೆ ಸುಮಾರು 3.2. ಸರಿ, ಚಿತ್ರ ಬರೆದು ನೋಡೋಣ ಅಂದಳು ಅವಳು. 1.5ರಿಂದ 2ರವರೆಗಿನ ತುಂಡನ್ನು ಮಾತ್ರ ತೆಗೆದುಕೊಂಡೆವು. 1.5ರಲ್ಲಿ ಆ ಫಂಕ್ಷನ್ ಸುಮಾರು 14.2. ಅಲ್ಲಿಂದ ಮುಂದೆ ಏರುತ್ತಲೇ ಹೋಗುತ್ತದೆ. ಅಗಲ ಅರ್ಧ. ಅಂದರೆ ಈ ಒಂದು ತುಂಡೇ 7ಕ್ಕಿಂತ ಜಾಸ್ತಿ. ಇಡೀ ಮೊತ್ತ 3.2 ಹೇಗಾಗುತ್ತದೆ? ನಾನು ಎಕ್ಸ್ ಸ್ಕ್ವೇರ್ ಅನ್ನು ಯು ಅಂತ ತೆಗೆದುಕೊಂಡು, ಮೇಲಿನ ಮಿತಿ 2 ಇದ್ದದ್ದನ್ನು 4 ಮಾಡಲು ಮರೆತಿದ್ದೆ. ಆ ತಪ್ಪನ್ನು ಆಮೇಲೆ ನಾನು ಇನ್ನೊಮ್ಮೆ ಮಾಡಿಲ್ಲ.

ಉತ್ತರ ಬೇರೆ ಬಂದಾಗಲಾದರೂ ಎಚ್ಚರವಾಗಿರುತ್ತೇವೆ. ಎಲ್ಲರದ್ದೂ ಒಂದೇ ಬಂದಾಗ ಏನು ಮಾಡುವುದು? ಎರಡನೇ ಸೆಮಿಸ್ಟರ್‌ನಲ್ಲಿ 1 ಬೈ ಎಕ್ಸ್ ಸ್ಕ್ವೇರ್‌ನ ಇಂಟಿಗ್ರಲ್ ಕೊಟ್ಟಿದ್ದರು, ಮೈನಸ್ 1ರಿಂದ 1ರವರೆಗೆ. ಐದು ಜನ ಕೂತಿದ್ದೆವು. ಐವರಿಗೂ ಮೈನಸ್ 2. "ಅಬ್ಬಾ, ಇದೊಂದಾದ್ರೂ ಪಕ್ಕಾ" ಅಂತ ಮುಂದಿನ ಪ್ರಶ್ನೆಗೆ ಹೋದೆವು. ಹಾಳೆಯ ಮೂಲೆಯಲ್ಲಿ ಗ್ರಾಫ್ ಗೀಚುತ್ತಿದ್ದ ಗೆಳತಿ ಮೆಲ್ಲಗೆ ಕೇಳಿದಳು, "ಲೋ, ಎಕ್ಸ್ ಸ್ಕ್ವೇರ್ ಯಾವಾಗಲೂ ಪ್ಲಸ್ಸೇ ಅಲ್ವಾ? ಗೆರೆ ಪೂರ್ತಿ ಮೇಲೇ ಇದೆ. ವಿಸ್ತೀರ್ಣ ಮೈನಸ್ ಹೇಗೆ ಬಂತು?"

ಯಾರಿಗೂ ಉತ್ತರ ಹೊಳೆಯಲಿಲ್ಲ. ಆಮೇಲೆ ಸೊನ್ನೆಯ ಹತ್ತಿರ ನೋಡಿದೆವು. 0.01ರಿಂದ 1ರವರೆಗೆ ತೆಗೆದುಕೊಂಡರೆ 99. 0.001ರಿಂದ ತೆಗೆದುಕೊಂಡರೆ 999. ಸೊನ್ನೆಗೆ ಹತ್ತಿರ ಹೋದಷ್ಟೂ ಬೆಳೆಯುತ್ತಲೇ ಇದೆ, ನಿಲ್ಲುವುದೇ ಇಲ್ಲ. ಆ ಇಂಟಿಗ್ರಲ್‌ಗೆ ಬೆಲೆಯೇ ಇಲ್ಲ, ಅದು ಡೈವರ್ಜ್ ಆಗುತ್ತದೆ. ನಡುವೆ ಸೊನ್ನೆಯಲ್ಲಿ ಫಂಕ್ಷನ್ ಮುರಿದುಬೀಳುವುದನ್ನು ನೋಡದೆ ಐವರೂ ಸೂತ್ರ ಹಾಕಿದ್ದೆವು. ಒಂದೇ ಪಾಠ ಕೇಳಿ, ಒಂದೇ ಬಗೆಯ ಲೆಕ್ಕ ಮಾಡಿ ಬಂದವರು ನಾವು. ತಪ್ಪೂ ಒಂದೇ ಥರ ಆಗುವುದು ಸಹಜವೇ. ಅದಕ್ಕೆ ಈಗ ಎಲ್ಲರ ಉತ್ತರ ಹೊಂದಿದ ಪ್ರಶ್ನೆಗೂ ಯಾರಾದರೂ ಒಬ್ಬರು ಗ್ರಾಫ್ ಗೀಚಲೇಬೇಕು ಅಂತ ಮಾಡಿಕೊಂಡಿದ್ದೇವೆ.

ಅಂಕದ ಲೆಕ್ಕ ಹಾಕುವುದು ಕೊನೆಗೆ. ಗೋಡೆಗೆ ಒರಗಿಸಿದ ಏಣಿ ಜಾರುವ ಲೆಕ್ಕದಲ್ಲಿ ಒಬ್ಬರು 3/4, ಇನ್ನೊಬ್ಬರು ಮೈನಸ್ 3/4 ಬರೆದಿದ್ದರೆ, ಪ್ರಶ್ನೆ ಕೇಳಿದ್ದು ಎಷ್ಟು ವೇಗದಲ್ಲಿ ಕೆಳಗೆ ಬರುತ್ತಿದೆ ಅಂತಲೋ, ಎತ್ತರ ಬದಲಾಗುವ ದರ ಅಂತಲೋ ಓದಿ ನೋಡಬೇಕು. ಮೊದಲನೆಯದಕ್ಕೆ ಪ್ಲಸ್, ಎರಡನೆಯದಕ್ಕೆ ಮೈನಸ್. ಸಮೀಕರಣ ಸರಿ ಇದ್ದರೆ ಹಂತಗಳಿಗೆ ಅಂಕ ಸಿಗುವ ಸಾಧ್ಯತೆ ಇರುತ್ತದೆ. "ಆ ಪ್ರಶ್ನೆ ಪೂರ್ತಿ ಹೋಯ್ತು" ಅಂತ ಅಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಮರುದಿನ ಇನ್ನೊಂದು ಪರೀಕ್ಷೆ ಇದ್ದರೆ ಮಾತ್ರ ಹಾಳೆ ಮಡಚಿ ಚೀಲಕ್ಕೆ ಹಾಕುತ್ತೇವೆ, ಎಲ್ಲಾ ಮುಗಿದ ಮೇಲೆ ತೆಗೆಯುತ್ತೇವೆ. ನಮ್ಮ ಗುಂಪಿನಲ್ಲಿ ಒಬ್ಬನಿಗೆ ಆಗಲೂ ಬೇಡ. ಫಲಿತಾಂಶ ಬರುವವರೆಗೆ ಅವನಿಗೆ ಏನೂ ಕೇಳುವುದು ಇಷ್ಟವಿಲ್ಲ. ಮೊದಲೆಲ್ಲ ಅವನನ್ನು ಎಳೆದು ತಂದು ಕೂರಿಸುತ್ತಿದ್ದೆವು. ಈಗ ಅವನು ಹತ್ತಿರ ಬಂದರೆ ಹಾಳೆ ಮಗುಚಿಟ್ಟು ಬೇರೆ ಮಾತಾಡುತ್ತೇವೆ. ಫಲಿತಾಂಶ ಬಂದ ಮೇಲೆ ಅವನೇ ಬಂದು ಕೇಳುತ್ತಾನೆ, "ಆ ಹಾಳೆ ಇನ್ನೂ ಇದೆಯೇನೋ?" ಇಟ್ಟಿರುತ್ತೇವೆ.