ಪೆಟ್ರೋಲ್ ಟ್ಯಾಂಕಿನ ಬಣ್ಣವನ್ನು ಗೀರುಗಳಿಂದ ಕಾಪಾಡಿಕೊಂಡ ಬಗೆ: ನನ್ನ ಅನುಭವ

ಮೋಟಾರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕಾಣುವ ಗೀರುಗಳಲ್ಲಿ ಹೆಚ್ಚಿನವು ಗಾಡಿ ಬಿದ್ದು ಆದವಲ್ಲ. ಧೂಳು ಕೂತ ಬಣ್ಣದ ಮೇಲೆ ನಮ್ಮ ಪ್ಯಾಂಟು, ಬೆಲ್ಟಿನ ಬಕಲ್, ಜಾಕೆಟ್ಟಿನ ಜಿಪ್ಪು, ಬ್ಯಾಗು, ಕೊನೆಗೆ ಒರೆಸುವ ಬಟ್ಟೆಯೂ ಉಜ್ಜಿ ಉಜ್ಜಿ ಆದವು. ಆದ್ದರಿಂದ ಟ್ಯಾಂಕಿನ ಮೇಲೆ ಏನನ್ನು ಹೊದಿಸಬೇಕು ಎಂದು ಯೋಚಿಸುವ ಮೊದಲು, ಆ ಹೊದಿಕೆಗೂ ಬಣ್ಣಕ್ಕೂ ನಡುವೆ ಮಣ್ಣಿನ ಕಣ ಸೇರದಂತೆ ನೋಡಿಕೊಳ್ಳುವುದು ಹೇಗೆ ಎಂದು ಯೋಚಿಸಬೇಕು.

ನನ್ನದು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ. ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ ಅದರ ಮೂಲ ಟ್ಯಾಂಕು ಕೆಟ್ಟರೆ ಅಂಥದ್ದೇ ಇನ್ನೊಂದನ್ನು ಹುಡುಕುವುದು ಸುಲಭವಲ್ಲ. ಮಂಡ್ಯದಿಂದ ಮೈಸೂರಿಗೆ ನಾನು ಇದರಲ್ಲೇ ಓಡಾಡುತ್ತೇನೆ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನಗಳನ್ನು ಬಿಡುತ್ತಿಲ್ಲವಾದ್ದರಿಂದ ಸರ್ವಿಸ್ ರಸ್ತೆಯೇ ಗತಿ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹೋಗಿ ಮನೆ ಸೇರುವಷ್ಟರಲ್ಲಿ ಟ್ಯಾಂಕಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿರುತ್ತದೆ.

ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 60 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಗೀರಿನ ಮೇಲೆ ಉಗುರು ಆಡಿಸಿದಾಗ ಸಿಕ್ಕಿಕೊಳ್ಳದಿದ್ದರೆ ಪಾಲಿಶ್ ಮಾಡಿ ಅದನ್ನು ತೆಗೆಯಬಹುದು. ಸಿಕ್ಕಿಕೊಂಡರೆ ಪಾಲಿಶ್‌ನಿಂದ ಪ್ರಯೋಜನವಿಲ್ಲ. ಪ್ರತಿ ಪಾಲಿಶ್‌ನಲ್ಲೂ ಆ ಪದರ ಇನ್ನಷ್ಟು ಸವೆಯುವುದರಿಂದ ಗೀರು ಬೀಳದಂತೆ ತಡೆಯುವುದೇ ಜಾಣತನ.

ಟ್ಯಾಂಕಿಗೆ ಹೊಸದಾಗಿ ಬಣ್ಣ ಹೊಡೆಸಿದ ಮೇಲೆ ಸುಮಾರು ಒಂದು ತಿಂಗಳು ಅದರ ಮೇಲೆ ವ್ಯಾಕ್ಸನ್ನಾಗಲಿ ರಕ್ಷಣೆಗೆ ಅಂಟಿಸುವ ಪ್ಲಾಸ್ಟಿಕ್ ಫಿಲ್ಮನ್ನಾಗಲಿ ಹಾಕಲಿಲ್ಲ. ಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗಿನ ದ್ರಾವಕ ಹೊರಹೋಗಲು ಸಮಯ ಬೇಕು; ಅದಕ್ಕೆ ಮೊದಲೇ ಮುಚ್ಚಿದರೆ ಗುಳ್ಳೆ ಏಳುತ್ತದೆ.

ಹಳೆಯ ಜಾವಾ ಟ್ಯಾಂಕಿನ ಎರಡೂ ಪಕ್ಕಗಳಲ್ಲಿ ಮೊಣಕಾಲು ಒತ್ತುವೆಡೆ ರಬ್ಬರ್ ಪ್ಯಾಡ್ ಇರುತ್ತಿತ್ತು. ಕಾಲಿಗೆ ಹಿಡಿತ ಕೊಡುವುದರ ಜೊತೆಗೆ ಬಣ್ಣವನ್ನೂ ಕಾಯುತ್ತಿದ್ದ ಆ ಏರ್ಪಾಡು ನನಗೆ ಬಹಳ ಮೆಚ್ಚುಗೆ. ಅದೇ ಕೆಲಸಕ್ಕೆ ನಾನು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಎಂದು ಮಾರುವ ಪಾರದರ್ಶಕ ಪಾಲಿಯುರೆಥೇನ್ ಫಿಲ್ಮನ್ನು ಬಳಸಿದೆ. ಅದರ ದಪ್ಪ 150ರಿಂದ 200 ಮೈಕ್ರಾನ್ ಇರುವುದರಿಂದ ಬಕಲ್ಲಿನ ಹೊಡೆತವನ್ನು ಅದೇ ತಾಳಿಕೊಳ್ಳುತ್ತದೆ. ಬಣ್ಣದ ಮೇಲೆ ದ್ರವವಾಗಿ ಸವರುವ ಸೆರಾಮಿಕ್ ಕೋಟಿಂಗ್ ತೀರಾ ತೆಳು. ನೀರು ಜಾರಲು, ಕೊಳೆ ಸುಲಭವಾಗಿ ಬಿಡಲು ಅದು ಒಳ್ಳೆಯದೇ ಹೊರತು ಬಕಲ್ಲನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಇಡೀ ಟ್ಯಾಂಕನ್ನು ಮುಚ್ಚದೆ, ಮೊಣಕಾಲು ತಾಗುವ ಎರಡು ಪಕ್ಕಗಳಿಗೂ ಸೀಟಿನ ಮುಂದೆ ಬಕಲ್ ತಾಗುವ ಅಂಚಿಗೂ ಮಾತ್ರ ಹಾಕಿದೆ. ಮೊದಲು ವೃತ್ತಪತ್ರಿಕೆಯನ್ನು ಟ್ಯಾಂಕಿಗೆ ಅಂಟಿಸಿ ಅಳತೆ ತೆಗೆದು, ಅದರಂತೆ ಫಿಲ್ಮ್ ಕತ್ತರಿಸಿ, ಅಂಚು ಏಳದಿರಲೆಂದು ಮೂಲೆಗಳನ್ನು ಗುಂಡಗೆ ಮಾಡಿಕೊಂಡೆ. ಟ್ಯಾಂಕನ್ನು ಬಿಚ್ಚಿ ಪೆಟ್ರೋಲ್ ಬಸಿದು, ಮುಚ್ಚಳ ಬಿಗಿದು, ಗಾಳಿಯಾಡುವ ನೆರಳಿನಲ್ಲಿಟ್ಟು ಕೆಲಸ ಮಾಡಿದೆ. ಖಾಲಿ ಟ್ಯಾಂಕಿನೊಳಗೂ ಪೆಟ್ರೋಲ್ ಆವಿ ಇರುತ್ತದೆ; ಹೀಗಾಗಿ ಫಿಲ್ಮನ್ನು ಮೆದುವಾಗಿಸಲು ಹೇರ್ ಡ್ರೈಯರ್ ಬದಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬಳಸಿದೆ. ಸ್ಪ್ರೇ ಬಾಟಲಿಯ ನೀರಿಗೆ ಕೆಲವೇ ಹನಿ ಬೇಬಿ ಶಾಂಪೂ ಬೆರೆಸಿ ಟ್ಯಾಂಕಿನ ಮೇಲೂ ಫಿಲ್ಮಿನ ಅಂಟು ಬದಿಗೂ ಧಾರಾಳವಾಗಿ ಸಿಂಪಡಿಸಿದರೆ ಫಿಲ್ಮ್ ತಕ್ಷಣ ಕಚ್ಚಿಕೊಳ್ಳದೆ ಜಾರಾಡುತ್ತದೆ. ಅದು ಸರಿಯಾದ ಜಾಗಕ್ಕೆ ಬಂದ ಮೇಲೆ ನೀರು ತಳ್ಳುವ ರಬ್ಬರ್ ಪಟ್ಟಿಯಾದ ಸ್ಕ್ವೀಜಿಯನ್ನು ನಡುವಿನಿಂದ ಅಂಚಿನ ಕಡೆಗೆ ಎಳೆಯುತ್ತ ನೀರನ್ನು ಹೊರದೂಡಬೇಕು. ಟ್ಯಾಂಕು ಒಳಕ್ಕೆ ಬಾಗುವ ಕಡೆ ಸುಕ್ಕು ಬರುತ್ತದೆ. ಅಲ್ಲಿ ಬಿಸಿಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಫಿಲ್ಮಿನ ಅಂಚನ್ನು ಎತ್ತಿ, ಮೆಲ್ಲಗೆ ಹಿಗ್ಗಿಸಿ ಮತ್ತೆ ಕೂಡಿಸಬೇಕು; ಆತುರದಿಂದ ಎಳೆದರೆ ಬಿಳಿ ಗೆರೆ ಉಳಿಯುತ್ತದೆ. ಒಳಗೆ ಉಳಿದ ಸಣ್ಣ ನೀರಿನ ಗುಳ್ಳೆಗಳು ಕೆಲವು ದಿನಗಳಲ್ಲಿ ತಾವಾಗಿಯೇ ಆರಿದವು. ಪೆಟ್ರೋಲ್ ತಾಗಿದರೆ ಅಂಟು ಸಡಿಲವಾಗುವುದರಿಂದ ಮುಚ್ಚಳದ ಸುತ್ತ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದೇನೆ. ಬಂಕಿನಲ್ಲಿ ಚೆಲ್ಲಿದ ಹನಿಯನ್ನು ಕೂಡಲೇ ಒತ್ತಿ ತೆಗೆಯುತ್ತೇನೆ. ಇದು ಪೆಟ್ರೋಲಿಗೆ ಆಯಿಲ್ ಬೆರೆಸುವ ಟೂ ಸ್ಟ್ರೋಕ್ ಗಾಡಿಯಾದ್ದರಿಂದ ಚೆಲ್ಲಿದ ಜಾಗದಲ್ಲಿ ಉಳಿಯುವ ಜಿಡ್ಡಿಗೆ ಧೂಳು ಬೇಗ ಅಂಟುತ್ತದೆ.

ರೆಕ್ಸಿನ್ ಟ್ಯಾಂಕ್ ಕವರನ್ನು ನಾನು ಯಾರಿಗೂ ಹೇಳುವುದಿಲ್ಲ. ಅಂಚಿನಿಂದ ಒಳಸೇರಿದ ಧೂಳು, ಗಾಡಿ ಅದುರಿದಾಗಲೆಲ್ಲ ಬಣ್ಣವನ್ನು ಮರಳುಕಾಗದದಂತೆ ಉಜ್ಜುತ್ತದೆ. ಮಳೆಗಾಲದಲ್ಲಿ ಒಳಗಿನ ಸ್ಪಂಜು ನೀರು ಕುಡಿದು ದಿನಗಟ್ಟಲೆ ಒದ್ದೆಯಾಗಿರುತ್ತದೆ. ಮ್ಯಾಗ್ನೆಟ್ಟಿನ ಟ್ಯಾಂಕ್ ಬ್ಯಾಗಿನ ತಳಕ್ಕೆ ಕಬ್ಬಿಣದ ಪುಡಿ ಅಂಟಿಕೊಳ್ಳುವುದರಿಂದ, ಅದನ್ನು ಇಡಲೇಬೇಕಾದವರು ಪ್ರತಿ ಸಲವೂ ಬ್ಯಾಗಿನ ತಳವನ್ನೂ ಟ್ಯಾಂಕನ್ನೂ ಒರೆಸಿಯೇ ಇಡಬೇಕು.

ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಟ್ಯಾಂಕಿನ ಮುಂಭಾಗಕ್ಕೆ ಉಜ್ಜುವ ಕೇಬಲ್ಲುಗಳನ್ನು ಅನೇಕರು ಗಮನಿಸುವುದಿಲ್ಲ. ಅವು ತಾಗುವಷ್ಟು ಉದ್ದಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟಿದ್ದೇನೆ. ಕಟ್ಟಿದ ಮೇಲೆ ಎಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಎರಡೂ ಕಡೆ ತಿರುಗಿಸಿ, ಆಕ್ಸಿಲರೇಟರ್ ಕೇಬಲ್ ಎಳೆದುಕೊಂಡು ಎಂಜಿನ್ನಿನ ವೇಗ ಏರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಒಣ ಬಟ್ಟೆಯಲ್ಲಿ ಧೂಳು ಒರೆಸುವುದನ್ನು ಪೂರ್ತಿ ಬಿಟ್ಟಿದ್ದೇನೆ. ಮೊದಲು ನೀರು ಹರಿಸಿ ಮಣ್ಣು ಇಳಿಸಿ, ಆಮೇಲೆ ಶಾಂಪೂ ನೀರಿನಲ್ಲಿ ಮೈಕ್ರೋಫೈಬರ್ ಬಟ್ಟೆ ಅದ್ದಿ ಒತ್ತಡವಿಲ್ಲದೆ ಒರೆಸಿ, ಬಟ್ಟೆ ಜಾಲಿಸಲು ಬೇರೆ ಬಕೆಟ್ ಇಟ್ಟುಕೊಳ್ಳುತ್ತೇನೆ. ಬೋರ್‌ವೆಲ್ ನೀರಾದರೆ ಬಿಸಿಲಲ್ಲಿ ಒಣಗಲು ಬಿಡಬಾರದು, ಬಿಳಿ ಕಲೆ ಕೂರುತ್ತದೆ.

ಫಿಲ್ಮ್ ಹಳದಿಗಟ್ಟಿದಾಗ ಬದಲಿಸಬೇಕಾಗುತ್ತದೆ. ಆಗಲೂ ಬಿಸಿಬಟ್ಟೆಯಿಂದ ಮೆದುಮಾಡಿ, ಮೇಲಕ್ಕೆ ಕೀಳದೆ ಟ್ಯಾಂಕಿನ ಮೈಗೆ ಸಮಾನಾಂತರವಾಗಿ ಹಿಂದಕ್ಕೆ ಮಡಚುತ್ತ ನಿಧಾನವಾಗಿ ಎಳೆಯಬೇಕು. ಹೊರಗೆ ಮರುಬಣ್ಣ ಮಾಡಿಸಿದ ಟ್ಯಾಂಕಿನಲ್ಲಿ ಪ್ರೈಮರ್ (ಬಣ್ಣದ ಕೆಳಗಿನ ತಳಪದರ) ಸರಿಯಾಗಿ ಕಚ್ಚದಿದ್ದರೆ ಬಣ್ಣವೂ ಫಿಲ್ಮಿನೊಡನೆ ಎದ್ದು ಬರಬಹುದು. ಅದಕ್ಕಾಗಿ ಸೀಟಿನ ಕೆಳಗೆ ಮರೆಯಾಗುವ ಅಂಚಿನಿಂದಲೇ ಬಿಡಿಸಲು ಶುರುಮಾಡಬೇಕು.