ದೂರದ ಓಟಕ್ಕೆ ಮನೆಯಲ್ಲೇ ಪಾನಕ, ಮನೆಯಲ್ಲೇ ಜೆಲ್

ಚಿಕ್ಕಮಗಳೂರು ನಗರವಿರುವುದು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿಯ ನೆತ್ತಿ ಇರುವುದು ಸುಮಾರು 1,930 ಮೀಟರ್ ಎತ್ತರದಲ್ಲಿ. ನಡುವಿನ ಎಂಟುನೂರು ಚಿಲ್ಲರೆ ಮೀಟರ್ ಏರನ್ನು ಓಡಿಯೋ ಸೈಕಲ್ ತುಳಿದೋ ಹತ್ತುವವರು ರಜೆಯ ಬೆಳಗುಗಳಲ್ಲಿ, ಗಿರಿಯ ಬುಡದ ಕೈಮರ ಎಂಬ ಊರಿನ ದಾರಿಯಲ್ಲಿ ಸಿಗುತ್ತಾರೆ. ಅವರ ಜೇಬಿನಲ್ಲಿರುವ ಜೆಲ್ ಪೊಟ್ಟಣದ ಬೆಲೆ ನೂರು ರೂಪಾಯಿಯ ಆಸುಪಾಸು; ಒಳಗಿರುವುದು ಇಪ್ಪತ್ತರಿಂದ ಮೂವತ್ತು ಗ್ರಾಂ ಸಕ್ಕರೆಯಂಶ, ಚಿಟಿಕೆ ಉಪ್ಪು, ಒಂದಿಷ್ಟು ಪರಿಮಳ. ಬೆಲ್ಲ, ಜೇನು, ನಿಂಬೆಹಣ್ಣು ಇರುವ ಮಲೆನಾಡಿನ ಅಡುಗೆಮನೆಯಲ್ಲಿ ಇದನ್ನು ತಯಾರಿಸುವುದು ಕಷ್ಟವೇನಲ್ಲ. ಆದರೆ ರಾಮನವಮಿಯ ಪಾನಕದಂತೆ ಕೈಯಂದಾಜಿನಲ್ಲಿ ಮಾಡಿದರೆ ನಡೆಯದು. ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕೇ ಬೇಕು.

ಮೊದಲು ಇದು ನಿಮಗೆ ಬೇಕೇ ಎಂದು ತೀರ್ಮಾನಿಸಿ. ಜಿಲ್ಲಾ ಆಟದ ಮೈದಾನದಲ್ಲಿ ಮುಕ್ಕಾಲು ಗಂಟೆ ಓಡುವವರಿಗೆ ಜೆಲ್ಲೂ ಬೇಡ, ಕ್ರೀಡಾ ಪಾನೀಯವೂ ಬೇಡ, ನೀರು ಸಾಕು. ನಮ್ಮ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಒಟ್ಟು ಸುಮಾರು 500 ಗ್ರಾಂ ಪಿಷ್ಟ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗಿರುತ್ತದೆ, ಅಂದರೆ ಹೆಚ್ಚುಕಡಿಮೆ 2,000 ಕಿಲೋ ಕ್ಯಾಲೊರಿ. ಸಮತಟ್ಟು ನೆಲದಲ್ಲಿ ಒಂದು ಕಿಲೋಮೀಟರ್ ಓಡಲು ದೇಹತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕಿಲೋ ಕ್ಯಾಲೊರಿ ಖರ್ಚಾಗುತ್ತದೆಂದು ಹಿಡಿದರೆ, 60 ಕಿಲೋ ತೂಕದವರು 30 ಕಿಲೋಮೀಟರ್ ಮುಗಿಸುವಷ್ಟರಲ್ಲಿ 1,800 ಕಿಲೋ ಕ್ಯಾಲೊರಿ ಕರಗಿರುತ್ತದೆ. ಅದರಲ್ಲಿ ಒಂದು ಪಾಲು ಕೊಬ್ಬಿನಿಂದ ಬರುತ್ತದೆ, ನಿಜ; ಆದರೂ ಮ್ಯಾರಥಾನ್ ಓಟಗಾರರ ಕಾಲು ಮೂವತ್ತನೆಯ ಕಿಲೋಮೀಟರಿನ ಸುಮಾರಿಗೆ ಇದ್ದಕ್ಕಿದ್ದಂತೆ ಭಾರವಾಗುವುದಕ್ಕೆ ಈ ಸಂಗ್ರಹ ಬರಿದಾಗುವುದೇ ಮುಖ್ಯ ಕಾರಣ. ಗಿರಿಯ ಏರಿನಲ್ಲಿ ಆ ಗಳಿಗೆ ಇನ್ನೂ ಬೇಗ ಬರುತ್ತದೆ.

ಗಂಟೆಯ ಲೆಕ್ಕ

ಒಂದರಿಂದ ಎರಡೂವರೆ ಗಂಟೆಯ ಶ್ರಮಕ್ಕೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯಂಶ, ಅದಕ್ಕೂ ದೀರ್ಘವಾದರೆ 90 ಗ್ರಾಂವರೆಗೆ ಎಂಬುದು ಕ್ರೀಡಾ ಪೋಷಣೆಯಲ್ಲಿ ಒಪ್ಪಿತವಾದ ಅಳತೆ. ಗ್ಲೂಕೋಸ್ ಒಂದನ್ನೇ ತೆಗೆದುಕೊಂಡರೆ ಕರುಳು ಗಂಟೆಗೆ ಸುಮಾರು 60 ಗ್ರಾಂಗಿಂತ ಹೆಚ್ಚು ಹೀರಿಕೊಳ್ಳಲಾರದು. ಇನ್ನೊಂದು ಬಗೆಯ ಸಕ್ಕರೆಯಾದ ಫ್ರಕ್ಟೋಸಿಗೆ ಕರುಳಿನಲ್ಲಿ ಬೇರೆಯೇ ದಾರಿಯಿರುವುದರಿಂದ ಎರಡನ್ನೂ ಬೆರೆಸಿದಾಗ ಮಾತ್ರ 90ರ ಮಾತು. ಬೆಲ್ಲದಲ್ಲಿ ಹೆಚ್ಚಿನ ಪಾಲು ಸುಕ್ರೋಸ್ ಇದ್ದು, ಅದು ಕರುಳಿನಲ್ಲಿ ಒಡೆದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗುತ್ತದೆ. ಜೇನಿನಲ್ಲಿ ಫ್ರಕ್ಟೋಸ್ ತುಸು ಹೆಚ್ಚು; ಹಾಗಾಗಿ ಬರೀ ಜೇನನ್ನೇ ನೆಚ್ಚಿಕೊಂಡು ಓಡುವವರಿಗೆ ಹೊಟ್ಟೆ ಕೈಕೊಡುವುದು ಅಪರೂಪವಲ್ಲ. ಹೊಸಬರು ಗಂಟೆಗೆ 40 ಗ್ರಾಂನಿಂದ ಆರಂಭಿಸುವುದು ಒಳ್ಳೆಯದು.

ಪಾನಕ

ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 65 ಗ್ರಾಂ ಪುಡಿಬೆಲ್ಲ, ಒಂದೂವರೆ ಗ್ರಾಂ ಉಪ್ಪು, ಒಂದು ನಿಂಬೆಹಣ್ಣಿನ ರಸ. ಬೆಲ್ಲವನ್ನು ಮೊದಲು ಒಂದು ಲೋಟ ಬಿಸಿನೀರಿನಲ್ಲಿ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ; ಆಲೆಮನೆಯಿಂದ ಬಂದ ಬೆಲ್ಲದಲ್ಲಿ ಮರಳು, ಕಬ್ಬಿನ ನಾರು ಉಳಿದಿರುವುದುಂಟು, ಅವು ಬಾಟಲಿಯ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಉಳಿದ ನೀರು, ಉಪ್ಪು, ನಿಂಬೆರಸವನ್ನು ಆಮೇಲೆ ಸೇರಿಸಿ. ಶುಂಠಿಯ ಒಂದೆರಡು ಹನಿ ರಸ ಇರಲಿ, ಆದರೆ ಹಬ್ಬದ ಪಾನಕಕ್ಕೆ ಹಾಕುವ ಕಾಳುಮೆಣಸು ಬೇಡ. ಏರಿನಲ್ಲಿ ಏದುಸಿರು ಬಿಡುವಾಗ ಅದು ಎದೆಯುರಿ ತರಬಹುದು.

ಈ ಅಳತೆಯಲ್ಲಿ ಲೀಟರಿಗೆ ಸುಮಾರು 60 ಗ್ರಾಂ ಸಕ್ಕರೆಯಂಶವೂ 590 ಮಿಲಿಗ್ರಾಂ ಸೋಡಿಯಮ್ಮೂ ಸಿಗುತ್ತವೆ. ಶೇ 6ರಿಂದ 8ರಷ್ಟು ಸಿಹಿಯಿರುವ ಪಾನೀಯ ಹೊಟ್ಟೆಯಿಂದ ಬೇಗ ಕೆಳಗಿಳಿಯುತ್ತದೆ. ಅದಕ್ಕಿಂತ ಗಟ್ಟಿಯಾದರೆ ಹೊಟ್ಟೆಯಲ್ಲೇ ನಿಂತು ಕುಲುಕುತ್ತದೆ. ಕಬ್ಬಿನ ಹಾಲನ್ನೋ ಹಣ್ಣಿನ ರಸವನ್ನೋ ನೀರು ಬೆರೆಸದೆ ಕುಡಿದು ಓಡಬಾರದು ಎನ್ನುವುದು ಇದಕ್ಕಾಗಿಯೇ. ಅರಸೀಕೆರೆಯ ಕಡೆಯವರು ಎಳನೀರಿನ ಪರವಾಗಿ ವಾದಿಸುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಆದರೆ ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ. ಎಳನೀರನ್ನು ಬಳಸುವುದಾದರೆ ಉಪ್ಪು ಸೇರಿಸಿ ಬಳಸಿ. ಒಆರ್‌ಎಸ್ ಪೊಟ್ಟಣ ಈ ಕೆಲಸಕ್ಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ; ವಾಂತಿಭೇದಿಯಿಂದ ಬಳಲಿದವರಿಗೆ ಅದು ಸರಿ, ಮೂರು ಗಂಟೆ ಓಡುವವರಿಗೆ ಆ ಸಿಹಿ ಸಾಲದು.

ಜೆಲ್

70 ಗ್ರಾಂ ಬೆಲ್ಲ, 50 ಗ್ರಾಂ ಜೇನುತುಪ್ಪ, 40 ಮಿಲಿಲೀಟರ್ ನೀರು, ಒಂದು ಗ್ರಾಂ ಉಪ್ಪು, ಅರ್ಧ ಚಮಚ ನಿಂಬೆರಸ. ಬೆಲ್ಲಕ್ಕೆ ನೀರು ಹಾಕಿ ಸಣ್ಣ ಉರಿಯಲ್ಲಿಟ್ಟು, ಅದು ಕರಗಿ ಒಂದು ಕುದಿ ಬಂದ ಕೂಡಲೇ ಇಳಿಸಿ ಸೋಸಬೇಕು. ಇಲ್ಲಿ ಎಚ್ಚರ ಬೇಕು: ಚಿಕ್ಕಿಗೆ ಪಾಕ ಹಿಡಿಯುವ ಅಭ್ಯಾಸವಿರುವವರು ಕೈತಡೆಯದೆ ಒಂದೆಳೆಯವರೆಗೆ ಕಾಯಿಸಿಬಿಡುತ್ತಾರೆ. ಹಾಗಾದರೆ ಮನೆಯಲ್ಲಿ ಸರಾಗವಾಗಿ ಸುರಿಯುವ ಜೆಲ್, ಮಂಜು ಕವಿದ ಗಿರಿಯ ಚಳಿಗೆ ಹೆಪ್ಪುಗಟ್ಟಿದಂತಾಗಿ, ಬಾಟಲಿಯನ್ನು ಎಷ್ಟು ಹಿಂಡಿದರೂ ಹೊರಬರುವುದಿಲ್ಲ. ಬೆರಳಿಗೆ ಅಂಟಬೇಕು, ಎಳೆ ಬರಬಾರದು, ಅದೇ ಹದ. ಬೆಚ್ಚಗಾಗುವಷ್ಟು ಆರಿದ ಮೇಲೆ ಜೇನು, ಉಪ್ಪು, ನಿಂಬೆರಸ ಸೇರಿಸಿ ಕಲಕಿ, ಪಾತ್ರೆಯ ತೂಕ ಕಳೆದು ತೂಗಿ ನೋಡಿ. ಒಟ್ಟು 160 ಗ್ರಾಂ ಇರಬೇಕು. ಆವಿಯಾಗಿ ಕಡಿಮೆಯಾಗಿದ್ದರೆ ಕುದಿಸಿದ ನೀರು ಸೇರಿಸಿ ಸರಿದೂಗಿಸಿ. ಇದನ್ನು ನಾಲ್ಕು ಪಾಲು ಮಾಡಿದರೆ 40 ಗ್ರಾಂನ ಒಂದೊಂದು ಪಾಲಿನಲ್ಲೂ ಸುಮಾರು 25 ಗ್ರಾಂ ಸಕ್ಕರೆಯಂಶ, 100 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಮನೆಯಲ್ಲಿ ಜೋನಿಬೆಲ್ಲವಿದ್ದರೆ ಕಾಯಿಸುವ ಕೆಲಸವೇ ಇಲ್ಲ ಎನಿಸಬಹುದು. ಆದರೆ ಅದರ ನೀರಿನಂಶ ಡಬ್ಬದಿಂದ ಡಬ್ಬಕ್ಕೆ ಬೇರೆಯಾಗುವುದರಿಂದ ಲೆಕ್ಕ ಬಿಗಿಯಾಗಿ ಕೂರದು. ಗಂಟೆಗೆ 60 ಗ್ರಾಂ ದಾಟಿಸಬೇಕೆನ್ನುವವರು ಜೇನಿನ ಒಂದು ಪಾಲಿಗೆ ಬದಲಾಗಿ ಔಷಧದಂಗಡಿಯ ಗ್ಲೂಕೋಸ್ ಪುಡಿ ಬಳಸಲಿ.

ಮೂತಿ ಅಗಲವಿರುವ, ಹಿಂಡಲು ಬರುವ ಪುಟ್ಟ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದೊಳಗೆ ಮುಗಿಸಿ. ಬಾಟಲಿಯ ಇನ್ನೊಂದು ಅನುಕೂಲವೆಂದರೆ, ಶೋಲಾ ಕಾಡಿನ ಅಂಚಿನಲ್ಲಿ ಹರಿದ ಪೊಟ್ಟಣಗಳು ಬೀಳುವುದಿಲ್ಲ.

ದಾರಿಯಲ್ಲಿ

ಓಟ ಶುರುವಾದ 30ರಿಂದ 40 ನಿಮಿಷಕ್ಕೆ ಮೊದಲ ಪಾಲು. ಹಸಿವಾಗಲಿ ಎಂದು ಕಾಯಬೇಡಿ. ಆಮೇಲೆ ಗಂಟೆಗೆ ಒಂದು ಪಾಲು ಜೆಲ್, ಅರ್ಧ ಲೀಟರ್ ಪಾನಕ ಎಂದರೆ 55 ಗ್ರಾಂ ಆಯಿತು. ಇವೆರಡನ್ನೂ ಒಟ್ಟಿಗೆ ಸೇವಿಸಬಾರದು. ಜೆಲ್ ನುಂಗಿದ ಮೇಲೆ 150ರಿಂದ 200 ಮಿಲಿಲೀಟರ್ ಬರೀ ನೀರನ್ನೇ ಕುಡಿಯಬೇಕು. ಇಲ್ಲವಾದರೆ ಆ ಗಟ್ಟಿ ಸಿಹಿಯನ್ನು ತೆಳುವಾಗಿಸಲು ಕರುಳೇ ದೇಹದ ನೀರನ್ನು ಎಳೆದುಕೊಂಡು, ಹೊಟ್ಟೆನುಲಿತ ಆರಂಭವಾಗುತ್ತದೆ. ಕಡಿದಾದ ಏರಿನಲ್ಲಿ ರಕ್ತವೆಲ್ಲ ಕಾಲಿನ ಸ್ನಾಯುಗಳ ಕಡೆಗೆ ಹರಿಯುವುದರಿಂದ ಜೀರ್ಣಶಕ್ತಿ ತಗ್ಗಿರುತ್ತದೆ. ಆದ್ದರಿಂದ ಮುಳ್ಳಯ್ಯನಗಿರಿಗೆ ಹೊರಟವರು ಕೈಮರದಲ್ಲಿ, ಏರು ಬಿಗಿಯಾಗುವ ಮುಂಚೆಯೇ ಒಂದು ಪಾಲು ಮುಗಿಸಿಕೊಳ್ಳುವುದು ಜಾಣತನ. ಯಾವುದನ್ನೂ ಸ್ಪರ್ಧೆಯ ದಿನ ಮೊದಲ ಬಾರಿಗೆ ಪ್ರಯೋಗಿಸಬೇಡಿ. ಅಭ್ಯಾಸದ ದೀರ್ಘ ಓಟಗಳಲ್ಲಿ ಕೆಲವು ವಾರ ಬಳಸಿದರೆ ಹೊಟ್ಟೆಯೂ ಪಳಗುತ್ತದೆ.

ಕಾಫಿಯ ನಾಡಿನಲ್ಲಿ ಕೆಫೀನಿನ ಪ್ರಶ್ನೆ ಬಂದೇ ಬರುತ್ತದೆ. 2004ರಿಂದ ಅದು ಉದ್ದೀಪನ ಮದ್ದುಗಳ ನಿಷೇಧಿತ ಪಟ್ಟಿಯಲ್ಲಿಲ್ಲ. ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂನಷ್ಟು ತೆಗೆದುಕೊಂಡರೆ ದೀರ್ಘ ಓಟಕ್ಕೆ ಸಹಾಯವಾಗುವುದೂ ನಿಜ. ಆದರೆ ಡಿಕಾಕ್ಷನ್ನನ್ನು ಜೆಲ್ಲಿಗೆ ಬೆರೆಸುವುದನ್ನು ನಾನು ಒಪ್ಪುವುದಿಲ್ಲ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್, ಚಿಕೋರಿಯಲ್ಲಿ ಸೊನ್ನೆ. ನಿಮ್ಮ ಪುಡಿಯ ಮಿಶ್ರಣ ಗೊತ್ತಿಲ್ಲದೆ ಅಳತೆ ಸಿಗದು. ಹೊರಡುವ ಒಂದು ಗಂಟೆ ಮುಂಚೆ ರೂಢಿಯ ಕಾಫಿ ಕುಡಿದರೆ ಸಾಕು.

ನೀರೆಷ್ಟು ಎಂಬುದನ್ನು ತೂಕದಿಂದಲೇ ತಿಳಿಯಬೇಕು. ಒಂದು ಗಂಟೆ ಓಡುವ ಮುಂಚೆ ಮತ್ತು ಓಡಿದ ಮೇಲೆ, ಒದ್ದೆ ಬಟ್ಟೆ ತೆಗೆದು ತೂಗಿಕೊಳ್ಳಿ. ತೂಕ 60 ಕಿಲೋದಿಂದ 59.4ಕ್ಕೆ ಇಳಿದು, ನಡುವೆ 300 ಮಿಲಿಲೀಟರ್ ಕುಡಿದಿದ್ದರೆ ನಿಮ್ಮ ಬೆವರು ಗಂಟೆಗೆ 900 ಮಿಲಿಲೀಟರ್. ಅಷ್ಟನ್ನೂ ತುಂಬಿಕೊಳ್ಳಬೇಕಾಗಿಲ್ಲ, ಓಟದ ಕೊನೆಗೆ ತೂಕ ಶೇ 2ರವರೆಗೆ ಇಳಿದರೆ ತೊಂದರೆಯಿಲ್ಲ. ತೂಕ ಏರಿದ್ದರೆ ಮಾತ್ರ ಅಪಾಯ: ಬೆವರಿಗಿಂತ ಹೆಚ್ಚು ನೀರು ಕುಡಿದಾಗ ರಕ್ತದ ಸೋಡಿಯಂ ಕುಸಿದು ತಲೆನೋವು, ವಾಂತಿ, ಬೆರಳುಗಳ ಊತ, ಮಂಕು ಕಾಣಿಸಿಕೊಳ್ಳುತ್ತವೆ, ಮತ್ತು ಅದನ್ನು ನಿರ್ಜಲತೆಯೆಂದು ಭಾವಿಸಿ ಜೊತೆಗಾರರು ಇನ್ನಷ್ಟು ನೀರು ಕುಡಿಸಿದರೆ ಜೀವಕ್ಕೇ ಸಂಚಕಾರ. ಅಂಥವರಿಗೆ ನೀರು ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮಧುಮೇಹ, ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮೇಲಿನ ಬೆಲ್ಲ, ಉಪ್ಪಿನ ಅಳತೆಗಳನ್ನು ತಮ್ಮ ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಬದಲಿಸಿಕೊಂಡ ಮೇಲೆಯೇ ಬಳಸಬೇಕು.