ಟ್ರ್ಯಾಕ್ಟರ್ ಟ್ರೇಲರ್‌ಗೆ ತಾಡಪಾಲಿನ ಮಾಡು: ಯಾವ ಭಾಗ ಹೇಗಿರಬೇಕು

ಟ್ರೇಲರ್ ಮೇಲಿನ ತಾಡಪಾಲು ಹೆಚ್ಚಾಗಿ ಹರಿಯುವುದು ಮಳೆಯಿಂದಲ್ಲ, ಗಾಳಿಗೆ ಪಟಪಟ ಬಡಿದುಕೊಳ್ಳುವುದರಿಂದ. ಹಾಗಾಗಿ ಚೌಕಟ್ಟಿಗೇ ಮೊದಲ ಗಮನ. ಇಲ್ಲಿನ ಅಳತೆ 10 ಅಡಿ ಉದ್ದ, 6 ಅಡಿ ಅಗಲದ ಟ್ರೇಲರ್‌ಗೆ.

ಬುಡದ ಪೈಪು (ಕಮಾನುಗಳ ಕಾಲು ಇಳಿಯುವುದು ಇದರೊಳಗೆ): 1¼ ಇಂಚಿನ ಜಿಐ (ಸತು ಲೇಪಿತ ಕಬ್ಬಿಣದ) ಪೈಪನ್ನು 8 ಇಂಚಿನ 10 ತುಂಡು ಮಾಡಿ, ಬದಿಗೆ ಐದರಂತೆ ಎರಡೂವರೆ ಅಡಿಗೊಂದು ಬದಿಯ ಡೋರಿಗೆ (ಪಕ್ಕದ ಗೋಡೆಗೆ) ವೆಲ್ಡ್ ಮಾಡಿಸಿ. ಕೆಳಬಾಯಿ ಮುಚ್ಚಬೇಡಿ, ನೀರು ನಿಂತು ತುಕ್ಕು ಹಿಡಿಯುತ್ತದೆ. ಕಮಾನಿನ ಕಾಲು ಕೆಳಗೆ ಜಾರದಿರಲು ಒಂದು ಅಡ್ಡ ಬೋಲ್ಟ್ ಸಾಕು. ಗಾಳಿಗೆ ಮೇಲೇಳದಂತೆ ಹಿಡಿಯುವುದೂ ಅದೇ. ಬದಿಯ ಡೋರ್ ಕೆಳಗೆ ಬಿಚ್ಚುವಂಥದ್ದಾದರೆ ಡೋರಿಗೆ ಬೆಸೆಯದೆ ನೆಲದ ಒಳಅಂಚಿಗೆ ಬೆಸೆದು, ಕಾಲುಗಳನ್ನು ಡೋರಿನ ಎತ್ತರದಷ್ಟು ಹೆಚ್ಚು ಉದ್ದ ಮಾಡಿ.

ಕಮಾನು: 1 ಇಂಚಿನ ಪೈಪು ಬುಡದ ಪೈಪಿನೊಳಗೆ ಸರಾಗ ಇಳಿಯುತ್ತದೆ. ಡೋರಿನ ಮೇಲೆ 2 ಅಡಿ ನೇರ ಕಾಲು, ಅದರ ಮೇಲೆ ಒಂದೂವರೆ ಅಡಿ ಏರುವ ಬಾಗು. ಬುಡದ ಪೈಪಿನೊಳಗೆ ಇಳಿಯುವ ಭಾಗವೂ ಸೇರಿ ಒಂದು ಕಮಾನಿಗೆ ಹನ್ನೆರಡೂವರೆ ಅಡಿ ಬೇಕು. 20 ಅಡಿಯ ಪೈಪಿನಲ್ಲಿ ಉಳಿಯುವ ಏಳೂವರೆ ಅಡಿಯಿಂದ ಎರಡೂವರೆ ಅಡಿಯ ಮೂರು ತುಂಡು ಬರುತ್ತವೆ. ಕಮಾನುಗಳ ನಡುವೆ ನೆತ್ತಿಗೊಂದು, ಎರಡು ಹೆಗಲಿಗೆ ಒಂದೊಂದು ಉದ್ದಪಟ್ಟಿಯಾಗಿ ಬೆಸೆಯಲು ಅವೇ ಸಾಕು. ಏರು ಕಡಿಮೆ ಮಾಡಿದರೆ ನೆತ್ತಿಯಲ್ಲಿ ನೀರು ತೂಗಿ ಬಟ್ಟೆ ಜೋಲುತ್ತದೆ. ವೆಲ್ಡಿಂಗ್ ಗಂಟುಗಳನ್ನೆಲ್ಲ ಉಜ್ಜಿ ನುಣುಪಾಗಿಸಿ, ಹಳೆಯ ಸೈಕಲ್ ಟ್ಯೂಬ್ ಸುತ್ತಿ. ತೂತು ಶುರುವಾಗುವುದು ಅಲ್ಲಿಂದಲೇ.

ಬಟ್ಟೆ: 250 ಜಿಎಸ್‌ಎಂನ (ಚದರ ಮೀಟರಿಗೆ 250 ಗ್ರಾಂ ತೂಗುವ) ಎಚ್‌ಡಿಪಿಇ ಪ್ಲಾಸ್ಟಿಕ್ ತಾಡಪಾಲು ಹಗುರ, ಅಗ್ಗ. ಆದರೆ ವರ್ಷವಿಡೀ ಬಿಸಿಲಿಗೆ ಬಿಟ್ಟರೆ ಪುಡಿಪುಡಿಯಾಗುತ್ತದೆ. ಸದಾ ಹೊದಿಸಿಯೇ ಇಡುವುದಾದರೆ ಪಿವಿಸಿ ಲೇಪನದ ದಪ್ಪ ಬಟ್ಟೆಯೇ ಲೇಸು. 15×12 ಅಡಿಯದು ಕತ್ತರಿಸದೆ ಹೊಂದುತ್ತದೆ: ಅಕ್ಕಪಕ್ಕ 2 ಅಡಿ ಡೋರಿನ ಮೇಲೆ ಇಳಿಯುತ್ತದೆ, ಹಿಂದೆ ಮುಂದೆ ಒಂದೊಂದು ಅಡಿ ಉಳಿಯುತ್ತದೆ. ಹೊಲಿದ ಜೋಡಣೆಯಿದ್ದರೆ ಮುಂದಿನ ತುಂಡು ಹಿಂದಿನದರ ಮೇಲೆ, ಹೆಂಚು ಹೊದಿಸಿದಂತೆ ಬರಲಿ.

ಕಟ್ಟು: ಅಂಚಿನ ರಿಂಗುಗಳು ಒಂದೂವರೆ ಅಡಿಗಿಂತ ದೂರವಿದ್ದರೆ ನಡುವೆ ಇನ್ನೊಂದು ಹೊಡೆಸಿ. ನೈಲಾನ್ ಹಗ್ಗಕ್ಕಿಂತ ಟ್ಯೂಬಿನ ರಬ್ಬರ್ ಪಟ್ಟಿ ಉತ್ತಮ, ಕುಲುಕಿದರೂ ಬಿಗಿ ತಪ್ಪುವುದಿಲ್ಲ. ಮಾಡಿನ ಹಿಂದೆ ಮುಂದೆ ಬಾಯಿ ಮುಚ್ಚುವ ಪರದೆಗಳಲ್ಲಿ ಮುಂದಿನದನ್ನು ಮೊದಲು ಕಟ್ಟಿ. ಅದು ತೆರೆದು ಹಿಂದಿನದು ಮುಚ್ಚಿದ್ದರೆ ಗಾಳಿ ತುಂಬಿ ಇಡೀ ಮಾಡನ್ನೇ ಎತ್ತುತ್ತದೆ. ಹಿಂದಿನ ಪರದೆ ನಂಬರ್ ಪ್ಲೇಟ್, ದೀಪ, ರಿಫ್ಲೆಕ್ಟರ್ ಮುಚ್ಚದಿರಲಿ.

ಹಸಿ ಜೋಳ, ಭತ್ತ ತುಂಬಿ ರಾತ್ರಿ ನಿಲ್ಲಿಸುವಾಗ ಹಿಂದೆ ಅರ್ಧ ಅಡಿ ಸಂದು ಬಿಡಿ. ಇಲ್ಲದಿದ್ದರೆ ಒಳಗಿನ ಬೆವರು ನೆತ್ತಿಯಿಂದ ತೊಟ್ಟಿಕ್ಕಿ ಮೇಲಿನ ಪದರ ಮುಗ್ಗುತ್ತದೆ.